ಪಾತ್ರೆ ತೊಳೆದ ಕೈ: ಉದ್ಯಮಿ ಶಾಹಿದ್ ಖಾನರ ಜೀವನ

 

ಈ ಮಹೋತ್ಸವದಲ್ಲಿ ಶಾಸ್ತ್ರವಿಷಯವನ್ನು ಕುರಿತು ಮಾತನಾಡಬೇಕಾದ ನಾನು ದೂರದೇಶದ ಧನಿಕರೊಬ್ಬರ ಜೀವನವನ್ನು ಎತ್ತಿಕೊಂಡಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ವ್ಯಾಕರಣ ತರ್ಕಗಳಲ್ಲಿ ಕೂದಲು ನೆರೆತ ನನಗೂ ಕಾರ್ಖಾನೆ ಕ್ರೀಡಾಂಗಣಗಳಿಗೂ ಏನು ಸಂಬಂಧ? ಸಂಬಂಧವುಂಟು. ಅದನ್ನು ಕಡೆಯಲ್ಲಿ ನಿವೇದಿಸಿಕೊಳ್ಳುವೆನು.

ಶಾಹಿದ್ ಖಾನರು 1950ನೆಯ ಇಸವಿಯಲ್ಲಿ ಲಾಹೋರ್ ನಗರದಲ್ಲಿ ಜನಿಸಿದರು. ತಾಯಿ ಗಣಿತಶಾಸ್ತ್ರದ ಅಧ್ಯಾಪಕಿ. ತಂದೆ ಕಟ್ಟಡಕೆಲಸದ ವ್ಯವಹಾರಸ್ಥರು. ಮನೆತನವು ಬಡತನದ್ದಲ್ಲ, ಸಿರಿವಂತಿಕೆಯದೂ ಅಲ್ಲ. 1967ರ ಚಳಿಗಾಲದಲ್ಲಿ, ತಮ್ಮ ಹದಿನಾರನೆಯ ವಯಸ್ಸಿನಲ್ಲಿ, ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಕಲಿಯಲೆಂದು ಅವರು ಅಮೇರಿಕಾಕ್ಕೆ ಒಬ್ಬರೇ ತೆರಳಿದರು. ಶಾಂಪೇನ್ ಎಂಬ ಊರನ್ನು ಮುಟ್ಟಿದಾಗ ನೆಲವೆಲ್ಲ ಹಿಮ. ಮೊದಲ ರಾತ್ರಿ ತಂಗಿದ ಕೋಣೆಗೆ ಬಾಡಿಗೆ 2 ಡಾಲರು. ಕೈಯಲ್ಲಿದ್ದ ಹಣ ಅಲ್ಪ. ಬಂಧುಗಳ ಮನೆ ಸಾವಿರಾರು ಹರದಾರಿಯಾಚೆ. ಆ ಹುಡುಗನ ಎದೆ ಎಷ್ಟು ಕುಗ್ಗಿರಬೇಕೆಂಬುದನ್ನು ಊಹಿಸಿರಿ.

ಬೆಳಗಾದ ಮೇಲೆ ಅವರಿಗೆ ಒಂದು ಕೆಲಸ ದೊರೆಯಿತು. ಯಾವ ಕೆಲಸ? ಉಂಡವರ ಪಾತ್ರೆ ತೊಳೆಯುವ ಕೆಲಸ. ಕೂಲಿ, ಗಂಟೆಗೆ 1 ಡಾಲರು 20 ಸೆಂಟು. ಅಧ್ಯಾಪಕಿಯ ಮಗನಿಗೆ ಇದು ಅವಮಾನವೆನಿಸಬಹುದಾಗಿತ್ತು. ಆದರೆ ಖಾನರು ಮುಂದೆ ಅನೇಕ ಸಲ ಹೇಳಿಕೊಂಡಿರುವಂತೆ, ಆ ಕ್ಷಣದಲ್ಲಿ ಅವರಿಗುಂಟಾದದ್ದು ಸಂತೋಷ. ತಮ್ಮ ದೇಶದ ಬಹುಪಾಲು ಜನರು ಗಳಿಸುವುದಕ್ಕಿಂತಲೂ ಇದು ಹೆಚ್ಚಿನ ಸಂಪಾದನೆ ಎಂದು ಅವರು ಲೆಕ್ಕ ಹಾಕಿದರು. ಎರಡು ಗಂಟೆ ಪಾತ್ರೆ ತೊಳೆದರೆ ಒಂದು ರಾತ್ರಿಯ ಬಾಡಿಗೆ ತೀರಿ ಇನ್ನೂ ಉಳಿಯುತ್ತದೆ! ಕೆಲಸವನ್ನು ಅದರ ಹೆಸರಿನಿಂದ ಅಳೆಯದೆ ಅದರ ಫಲದಿಂದ ಅಳೆದ ಈ ಬುದ್ಧಿಯೇ ಅವರ ಮೊದಲ ಬಂಡವಾಳ.

ವಿದ್ಯಾಭ್ಯಾಸದ ಕಾಲದಲ್ಲಿಯೇ ಅವರು ಫ್ಲೆಕ್ಸ್-ಎನ್-ಗೇಟ್ ಎಂಬ ವಾಹನಭಾಗಗಳ ಕಾರ್ಖಾನೆಯನ್ನು ಸೇರಿದರು. 1971ರಲ್ಲಿ ಪದವಿಯನ್ನು ಪಡೆದು ಅಲ್ಲಿಯೇ ಇಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಾದರು. ಮೋಟಾರು ಗಾಡಿಗಳ ಮುಂದೆಯೂ ಹಿಂದೆಯೂ ಢಿಕ್ಕಿಯನ್ನು ತಡೆಯಲೆಂದು ಬಂಪರ್ ಎಂಬ ಉಕ್ಕಿನ ಪಟ್ಟಿಯಿರುವುದನ್ನು ತಾವೆಲ್ಲರೂ ಬಲ್ಲಿರಿ. ಸಣ್ಣ ಸರಕುಗಾಡಿಗಳಿಗೆ ಇದನ್ನು ಆಗ ಹಲವು ತುಂಡುಗಳನ್ನು ಬೆಸೆದು ಮಾಡುತ್ತಿದ್ದರು. ತೂಕವೂ ಹೆಚ್ಚು, ಶ್ರಮವೂ ಹೆಚ್ಚು. ಖಾನರು ಒಂದೇ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಬೆಸುಗೆಯಿಲ್ಲದ ಬಂಪರನ್ನು ರೂಪಿಸಿದರು. 1978ರಲ್ಲಿ ತಾವು ಉಳಿಸಿದ್ದ 16,000 ಡಾಲರನ್ನೂ, ಸಣ್ಣ ಉದ್ಯಮಗಳಿಗೆಂದು ಕೊಡುವ 50,000 ಡಾಲರ್ ಸಾಲವನ್ನೂ ಕೂಡಿಸಿ 'ಬಂಪರ್ ವರ್ಕ್ಸ್' ಎಂಬ ಸ್ವಂತ ಕಾರ್ಖಾನೆಯನ್ನು ತೆರೆದರು. ಎರಡೇ ವರ್ಷಗಳಲ್ಲಿ, 1980ರಲ್ಲಿ, ತಾವು ಹಿಂದೆ ಸಂಬಳಕ್ಕಿದ್ದ ಕಾರ್ಖಾನೆಯನ್ನೇ ಕೊಂಡುಕೊಂಡರು.

ಇಲ್ಲಿಗೆ ಕಥೆಯನ್ನು ಮುಗಿಸಿದರೆ ಅದು ಬರಿಯ ಧನಸಂಪಾದನೆಯ ಕಥೆಯಾದೀತು. ನನ್ನ ಮನಸ್ಸನ್ನು ಸೆಳೆದ ಸಂಗತಿ ಮುಂದಿನದು. ಜಪಾನಿನ ಟೊಯೋಟಾ ಕಂಪೆನಿಗೆ ಖಾನರು 1984ರಿಂದ ಬಂಪರುಗಳನ್ನು ಒದಗಿಸತೊಡಗಿದರು. ಆ ಕಂಪೆನಿಯು ತೂಕ, ಅಳತೆ, ಅವಧಿಗಳಲ್ಲಿ ಕೂದಲೆಳೆಯಷ್ಟು ತಪ್ಪನ್ನೂ ಒಪ್ಪತಕ್ಕದ್ದಲ್ಲ. 1990ರ ಸುಮಾರಿನಲ್ಲಿ ಟೊಯೋಟಾದ ನಿಪುಣರು ಖಾನರ ಕಾರ್ಖಾನೆಗೇ ಬಂದು, ಕೆಲಸದ ಒಂದೊಂದು ಹೆಜ್ಜೆಯನ್ನೂ ಪರೀಕ್ಷಿಸಿ ತಿದ್ದಿದರು. ಯಂತ್ರದ ಅಚ್ಚನ್ನು ಬದಲಿಸಲು ಬಹಳ ಹೊತ್ತು ಹಿಡಿಯುತ್ತಿದ್ದ ಕೆಲಸವು ಅರ್ಧ ಗಂಟೆಯೊಳಗೆ ಮುಗಿಯುವಂತಾಯಿತು. ನಾಲ್ವತ್ತರ ವಯಸ್ಸಿನ ಯಜಮಾನನು ತನ್ನ ಆಳುಗಳೆದುರಿನಲ್ಲಿಯೇ ಪುನಃ ವಿದ್ಯಾರ್ಥಿಯಾಗಿ ನಿಲ್ಲುವುದು ಸುಲಭವೇ? ಪಾಂಡಿತ್ಯದ ಅಭಿಮಾನವುಳ್ಳ ನಮ್ಮಂಥವರು ಇದನ್ನು ಚೆನ್ನಾಗಿ ಬಲ್ಲೆವು. ಪಾತ್ರೆ ತೊಳೆಯಲು ನಾಚದಿದ್ದವರು ಪಾಠ ಹೇಳಿಸಿಕೊಳ್ಳಲೂ ನಾಚಲಿಲ್ಲ.

1991ರಲ್ಲಿ ಖಾನರು ಅಮೇರಿಕಾದ ಪ್ರಜೆಯಾದರು. ಬಳಿಕ ಅವರ ಚಿತ್ತ ಕ್ರೀಡೆಯ ಕಡೆಗೆ ತಿರುಗಿತು. ಆ ದೇಶದ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಮೈಗೆ ಮೈ ಅಪ್ಪಳಿಸುವ ಆಟ. ಮೂವತ್ತೆರಡು ತಂಡಗಳ ಆ ಕೂಟದಲ್ಲಿ ಒಂದು ತಂಡವನ್ನು 2010ರಲ್ಲಿ ಕೊಳ್ಳಲೆತ್ನಿಸಿ ಅವರು ವಿಫಲರಾದರು. ಅನಂತರ ಫ್ಲಾರಿಡಾ ಪ್ರಾಂತದ ಜಾಕ್ಸನ್‌ವಿಲ್ ನಗರದ ಜಾಗ್ವಾರ್ಸ್ ತಂಡವನ್ನು ಕೊಂಡು, 2012ರ ಜನವರಿಯಲ್ಲಿ ಅದರ ಒಡೆಯರಾದರು. 2013ರಲ್ಲಿ ಲಂಡನ್ನಿನ ಪುರಾತನ ಕಾಲ್ಚೆಂಡಿನ ಸಂಘವಾದ ಫುಲ್ಹಮ್ಮನ್ನೂ ಕೊಂಡರು.

ಹಣವಿದ್ದವನಿಗೆ ಜಯವೂ ದೊರೆಯಿತೇ? ಕೇಳಿರಿ. ಖಾನರ ಒಡೆತನದ ಮೊದಲ ಐದು ಋತುಗಳಲ್ಲಿ ಜಾಗ್ವಾರ್ಸ್ ತಂಡ ಆಡಿದ ಪಂದ್ಯಗಳು 80. ಗೆದ್ದವು 17 ಮಾತ್ರ! 2017ರ ಋತುವಿನಲ್ಲಿ ಅಂತಿಮ ಪಂದ್ಯದ ಹೊಸ್ತಿಲಿನವರೆಗೆ ನಡೆದು, ನಾಲ್ಕೇ ಅಂಕಗಳಿಂದ ಸೋತಿತು. 2020ರಲ್ಲಿ ಹದಿನಾರು ಪಂದ್ಯಗಳಲ್ಲಿ ಒಂದನ್ನಷ್ಟೇ ಗೆದ್ದಿತು. ಅತ್ತ ಫುಲ್ಹಮ್ ತಂಡವು 2014, 2019, 2021ರಲ್ಲಿ ಮೇಲಿನ ಶ್ರೇಣಿಯಿಂದ ಇಳಿಯಿತು. 2018, 2020, 2022ರಲ್ಲಿ ಮರಳಿ ಏರಿತು. ತಂಡವನ್ನು ಕೊಳ್ಳಬಹುದು, ಗೆಲುವನ್ನು ಕೊಳ್ಳಲಾಗದು. ಪ್ರತಿ ವಾರವೂ ಸಾವಿರಾರು ಜನರೆದುರಿನಲ್ಲಿ ಸೋಲುವ ಈ ವ್ಯಾಪಾರವನ್ನು ಅವರು ಬಿಟ್ಟೋಡಲಿಲ್ಲ. 2017ರ ಸೆಪ್ಟೆಂಬರಿನಲ್ಲಿ, ರಾಷ್ಟ್ರಗೀತೆಯ ಸಮಯದಲ್ಲಿ ಮಂಡಿಯೂರುವ ಆಟಗಾರರನ್ನು ಕೆಲಸದಿಂದ ತೆಗೆಯಬೇಕೆಂದು ಅಧ್ಯಕ್ಷ ಟ್ರಂಪರು ಹೇಳಿದಾಗ, ಅವರ ಪದಗ್ರಹಣೋತ್ಸವಕ್ಕೆ ಹತ್ತು ಲಕ್ಷ ಡಾಲರ್ ಕೊಟ್ಟಿದ್ದ ಖಾನರೇ ಲಂಡನ್ನಿನ ಮೈದಾನಕ್ಕಿಳಿದು ತಮ್ಮ ಆಟಗಾರರೊಡನೆ ತೋಳಿಗೆ ತೋಳು ಸೇರಿಸಿ ನಿಂತರು.

ಇಂಥವರನ್ನು ಲೋಕವು 'ಸ್ವಯಂಕೃತ ಪುರುಷ'ನೆಂದು ಕೊಂಡಾಡುತ್ತದೆ. ಈ ಮಾತನ್ನು ನಾವು ತೂಗಿ ಒಪ್ಪಬೇಕು. ಕಲಿಸಿದ ವಿಶ್ವವಿದ್ಯಾಲಯ, ಸಾಲವಿತ್ತ ಸಂಸ್ಥೆ, ತಿದ್ದಿದ ಜಪಾನಿಯರು, ಉಕ್ಕನ್ನೊತ್ತಿದ ಸಾವಿರಾರು ಕೈಗಳು, ಇವರೆಲ್ಲರೂ ಅವರನ್ನು ಮಾಡಿದವರೇ. 2024ರಲ್ಲಿ ಅವರ ತಂಡದ ಕ್ರೀಡಾಂಗಣವನ್ನು ನವೀಕರಿಸಲು ಜಾಕ್ಸನ್‌ವಿಲ್ ನಗರಸಭೆಯು 775 ದಶಲಕ್ಷ ಡಾಲರ್ ಸಾರ್ವಜನಿಕ ಧನವನ್ನು ಒಪ್ಪಿತು. ಕೋಟ್ಯಧೀಶರ ಆಟಕ್ಕೆ ಪೌರರ ತೆರಿಗೆಯೇಕೆಂದು ಕೇಳುವವರ ಪ್ರಶ್ನೆಯು ಅನ್ಯಾಯವಾದುದಲ್ಲ. ಧನಿಕರೆಲ್ಲರೂ ಅನುಕರಣೀಯರೆಂದು ನಾನು ಹೇಳಬಂದಿಲ್ಲ. ಆ ಒಂದು ಬೆಳಗಿನ ಲೆಕ್ಕವನ್ನಷ್ಟೇ ತಮ್ಮ ಮುಂದಿಡಬಂದೆನು.

ಅದೇಕೆಂದು ಈಗ ನಿವೇದಿಸುವೆನು. ಇಪ್ಪತ್ತು ವರ್ಷಗಳ ಕೆಳಗೆ ನಮ್ಮ ಪ್ರಸಾದನಿಲಯದಲ್ಲಿ ಸೂಕ್ಷ್ಮಬುದ್ಧಿಯ ಬಾಲಕನೊಬ್ಬನಿದ್ದನು. ಪಾತ್ರೆ ತೊಳೆಯುವ ಸರದಿಯಿಂದ ಅವನನ್ನು ಬಿಡಿಸಬೇಕೆಂದು ಅವನ ತಂದೆ ನನ್ನನ್ನು ಬೇಡಿಕೊಂಡರು. ಓದಿಗೆ ಹೊತ್ತು ಸಿಕ್ಕೀತೆಂದು ನಾನೂ ಒಪ್ಪಿದೆನು. ಹುಡುಗನು ಮೊದಲ ದರ್ಜೆಯಲ್ಲಿ ತೇರ್ಗಡೆಯಾದನು. ಆದರೆ ಸಿಕ್ಕ ಸಣ್ಣ ಕೆಲಸಗಳನ್ನೆಲ್ಲ ತನ್ನ ಯೋಗ್ಯತೆಗೆ ಕಡಮೆಯೆಂದು ನಿರಾಕರಿಸಿ ಮೂರು ವರ್ಷ ಮನೆಯಲ್ಲಿ ಕುಳಿತನು. ಒಂದು ದಿನ ಅದೇ ತಂದೆ ಬಂದು, "ಗುರುಗಳೇ, ಅಂದು ತಾವು ನನ್ನ ಮಾತು ಕೇಳಬಾರದಾಗಿತ್ತು" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವನಿಗೆ ಕಾವ್ಯವನ್ನು ಕಲಿಸಿದೆನು, ತರ್ಕವನ್ನು ಕಲಿಸಿದೆನು. ಕಲಿಸಬೇಕಾಗಿದ್ದ ಒಂದನ್ನು ನಾನೇ ಅವನ ಕೈಯಿಂದ ಕಸಿದುಕೊಂಡೆನು.

ಆದುದರಿಂದ ವಿದ್ಯಾರ್ಥಿಗಳೇ, ಇಂದಿನ ಮಹಾಪ್ರಸಾದದ ಬಳಿಕ ಹಿತ್ತಲಿನಲ್ಲಿ ಪಾತ್ರೆಗಳ ರಾಶಿ ಬೀಳುವುದು. ಸರದಿ ಯಾರದೆಂದು ಕೇಳದೆ ಬನ್ನಿರಿ. ನಾನೂ ಬರುವೆನು.