ಅಳತೆಗೋಲೇ ನಿಧಾನವಾದಾಗ

(ದೋಹಾದ ಕನ್ನಡ ಓದುಗರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವಲಸೆಯ ಬಗ್ಗೆ ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ಒಂದು ಹಳೆಯ ರೆಕಾರ್ಡ್ ಪ್ಲೇಯರಿನ ವೇಗದ ಬಗ್ಗೆ ಮಾತನಾಡುತ್ತೇನೆ. ನಾನು ಹೇಳಬೇಕಾದದ್ದು ಅದರೊಳಗೇ ಇದೆ.

ಅಮೆರಿಕದಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ಹಳೆ ಸಾಮಾನಿನ ಸಂತೆಯಲ್ಲಿ ಪೆಟ್ಟಿಗೆಯಂತೆ ಮುಚ್ಚಿ ಕೈಯಲ್ಲಿ ಹಿಡಿದೊಯ್ಯಬಹುದಾದ ಪ್ಲೇಯರೊಂದನ್ನು ಕೊಂಡಿದ್ದೆ. ಅಪ್ಪ ಬಿಟ್ಟುಹೋದ ಪಿ. ಕಾಳಿಂಗರಾಯರ 45ರ ತಟ್ಟೆ ಅದರಲ್ಲಿ ಸೊಗಸಾಗಿ ಹಾಡುತ್ತಿತ್ತು. ಕತಾರಿಗೆ ಬರುವಾಗ ಅದನ್ನೂ ಹೊತ್ತುತಂದು, ಇಲ್ಲಿನ 240 ವೋಲ್ಟನ್ನು 120ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಜೋಡಿಸಿದೆ. ಊರಿನಿಂದ ಬಂದಿದ್ದ ಅಮ್ಮ ಎರಡು ಸಾಲು ಕೇಳಿ, "ಇದು ಕಾಳಿಂಗರಾಯರ ದನಿಯಲ್ಲ ಮಗಳೇ" ಎಂದರು.

ನಾನು ಒಪ್ಪಲಿಲ್ಲ. ವೇಗ ಪರೀಕ್ಷಿಸಲು ಗೆರೆಗಳಿರುವ ಬಿಲ್ಲೆಯೊಂದನ್ನು ತಿರುಗುವ ಫಲಕದ ಮೇಲಿಟ್ಟು, ವಿದ್ಯುದ್ದೀಪದ ಬೆಳಕಿನಲ್ಲಿ ನೋಡುತ್ತಾರೆ. ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಅಮೆರಿಕದಿಂದಲೇ ತಂದ ನನ್ನ ಬಿಲ್ಲೆಯನ್ನು ಹಳೆಯ ಬಲ್ಬಿನಡಿ ಇಟ್ಟೆ. ಗೆರೆಗಳು ಕದಲಲಿಲ್ಲ. "ನೋಡಮ್ಮ, ಸರಿಯಾಗಿದೆ" ಎಂದೆ. ಅಮ್ಮ ಸುಮ್ಮನಾದರು.

ನಜ್ಮಾದ ಸಣ್ಣ ದುರಸ್ತಿ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಕಾಸರಗೋಡಿನ ಕನ್ನಡಿಗರೊಬ್ಬರು ಬಿಲ್ಲೆಯನ್ನು ನೋಡಲೇ ಇಲ್ಲ. ತಟ್ಟೆಯ ಅಂಚಿಗೆ ಕಾಗದದ ಚೂರೊಂದನ್ನು ಅಂಟಿಸಿ, ಗಡಿಯಾರ ಹಿಡಿದು ಸುತ್ತುಗಳನ್ನು ಎಣಿಸಿದರು. ನಿಮಿಷಕ್ಕೆ ಮೂವತ್ತೇಳೂವರೆ! "ನೀವು ವೋಲ್ಟೇಜ್ ಇಳಿಸಿದ್ದು ಸರಿ ಮೇಡಂ, ಫ್ರೀಕ್ವೆನ್ಸಿ ಇಲ್ಲಿಯದ್ದೇ ಉಂಟಲ್ಲ?" ಎಂದು ನಕ್ಕರು.

ಅಮೆರಿಕದ ವಿದ್ಯುತ್ತು ಸೆಕೆಂಡಿಗೆ 60 ಆವರ್ತದ್ದು. ನೆರೆಯ ಸೌದಿಯಲ್ಲೂ 60. ಕತಾರಿನಲ್ಲಿ, ನಮ್ಮ ಭಾರತದಲ್ಲಿ 50. ಈ ಬಗೆಯ ಮೋಟಾರು ಆವರ್ತವನ್ನು ಅನುಸರಿಸಿ ತಿರುಗುವುದರಿಂದ ವೇಗ ಆರನೇ ಒಂದು ಪಾಲು ಕುಗ್ಗಿತ್ತು. ಶ್ರುತಿ ಮೂರು ಸ್ವರಸ್ಥಾನಕ್ಕೂ ತುಸು ಹೆಚ್ಚೇ ಇಳಿದಿತ್ತು. ಬಿಲ್ಲೆ ಸುಳ್ಳು ಹೇಳಿದ್ದೇಕೆ? 45ರ ವೇಗಕ್ಕೆ ಅದರಲ್ಲಿದ್ದ ಗೆರೆಗಳು 160, ಅಂದರೆ 60 ಆವರ್ತದ ಬೆಳಕಿನ ಲೆಕ್ಕ. 50ಕ್ಕೆ ಬೇಕಾದದ್ದು 133. ಮೋಟಾರು ಎಷ್ಟು ನಿಧಾನವಾಗಿತ್ತೋ ಬೆಳಕಿನ ಮಿಡಿತವೂ ಅಷ್ಟೇ ನಿಧಾನವಾಗಿತ್ತು. ತಪ್ಪೂ ಅಳತೆಯೂ ಒಟ್ಟಿಗೇ ಬದಲಾದಾಗ ತಪ್ಪು ಕಾಣುವುದಿಲ್ಲ.

ಅವರು ಗಟ್ಟಿಯಾಗಿದ್ದ ಹಳೆ ಗ್ರೀಸನ್ನು ಒರೆಸಿ, ರಬ್ಬರ್ ಗಾಲಿಯನ್ನು ಸ್ಪಿರಿಟ್ಟಿನಲ್ಲಿ ಶುಚಿಮಾಡಿದರು. ವೇಗ ಹೆಚ್ಚು-ಕಡಿಮೆ ಆಗುತ್ತಿದ್ದರೆ ಇಷ್ಟೇ ಸಾಕಾಗುತ್ತಿತ್ತಂತೆ. ಇದು ಸದಾ ಒಂದೇ ಪ್ರಮಾಣದ ಕೊರತೆ. ಆದ್ದರಿಂದ ಗಾಲಿಯನ್ನು ತಿರುಗಿಸುವ ಮೋಟಾರಿನ ದಂಡಕ್ಕೆ, ವ್ಯಾಸ 1.2 ಪಟ್ಟಾಗುವಂತೆ, ಹಿತ್ತಾಳೆಯ ತೋಳನ್ನು ಲೇತಿನಲ್ಲಿ ಕಡೆದು ತೊಡಿಸಿದರು. "ತುಂಬಾ ಹೊತ್ತು ಓಡಿಸಬೇಡಿ, 50ರಲ್ಲಿ ಈ ಮೋಟಾರು ಬಿಸಿಯಾಗ್ತದೆ" ಎಂದೂ ಎಚ್ಚರಿಸಿದರು. ಇಷ್ಟು ಬಲ್ಲ ಮನುಷ್ಯನ ಗುರುತಿನ ಚೀಟಿಯಲ್ಲಿರುವ ಹುದ್ದೆ 'ಸಹಾಯಕ'.

2021ರ ಮಾರ್ಚಿನಿಂದ ಕತಾರಿನಲ್ಲಿ ಕನಿಷ್ಠ ಮೂಲವೇತನ ತಿಂಗಳಿಗೆ 1,000 ರಿಯಾಲ್. ನಮ್ಮ ಬೈಠಕ್‌ಗಳಲ್ಲಿ ಅದನ್ನು ರೂಪಾಯಿಗೆ ಗುಣಿಸಿ, "ಊರಿನಲ್ಲಿ ಇಷ್ಟು ಯಾರು ಕೊಡುತ್ತಾರೆ?" ಎನ್ನುವವರಿದ್ದಾರೆ. ನಾನೂ ಅಂದಿದ್ದೇನೆ. ಹೊರಗಿನಿಂದ ಹೊತ್ತುತಂದ ಆ ಅಳತೆಯಲ್ಲಿ ಗೆರೆಗಳು ಕದಲದೆ ನಿಂತಂತೆಯೇ ಕಾಣುತ್ತವೆ. ಸುತ್ತುಗಳನ್ನು ಎಣಿಸಬೇಕಾದರೆ ಬೇರೆಯದನ್ನೇ ಕೇಳಬೇಕು: ದಿನಕ್ಕೆ ಎಷ್ಟು ಗಂಟೆಯ ದುಡಿಮೆ? ಏಜೆಂಟನ ಸಾಲ ಇನ್ನೆಷ್ಟು ಬಾಕಿ? ಮಕ್ಕಳ ಮುಖ ನೋಡಿ ಎಷ್ಟು ವರ್ಷವಾಯಿತು? ಇವನ್ನು ಅವರನ್ನೇ ಕೇಳಬೇಕು. ನಾನು ಆ ಅಂಗಡಿಯಲ್ಲಿ ಒಂದನ್ನೂ ಕೇಳದೆ ಹಣ ಕೊಟ್ಟು ಹೊರಟುಬಂದೆ.

ಆ ಸಂಜೆ ಅಮ್ಮನಿಗೆ ಮತ್ತೆ ತಟ್ಟೆ ಹಾಕಿದೆ. "ಈಗ ಅವರೇ" ಎಂದರು. ಮುಂದಿನ ವಾರ ಆ ಅಂಗಡಿಗೆ ಮತ್ತೆ ಹೋಗುವವಳಿದ್ದೇನೆ, ದುರಸ್ತಿಗಲ್ಲ. ಜೊತೆಗೆ ಬರುವವರಿದ್ದರೆ ತಿಳಿಸಿ.