ಹೊಟ್ಟೆ ತೊಳೆಯುವ ಪುಡಿ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನಾವು ಪಗಾರದ ಮಾತು ಆಡಿದ್ದೇವೆ, ರಜೆಯ ಮಾತು ಆಡಿದ್ದೇವೆ. ಇಂದು ಸಂಡಾಸಿನ ಮಾತು ಆಡಬೇಕಾಗಿದೆ. ಕೆಲವರು ನಗುವರು, ನಗಲಿ. ಈ ಮಾತಿಗೆ ನಾವು ನಾಚುತ್ತೇವಲ್ಲ, ಆ ನಾಚಿಕೆಯೇ ಡಬ್ಬಿ ಮಾರುವವನ ಬಂಡವಾಳ.

ನಮ್ಮ ಖೋಲಿಗಳಲ್ಲಿ ಒಂದು ಪುಡಿ ಓಡಾಡುತ್ತಿರುವುದು ನಿಮಗೆ ತಿಳಿದದ್ದೇ. ಬೆಳಿಗ್ಗೆ ರಾತ್ರಿ ಉಪ್ಪುನೀರಿನಲ್ಲಿ ಕದಡಿ ಐದು ದಿನ ಕುಡಿಯಬೇಕು, ಊಟ ಬಿಡಬೇಕು. ದೊಡ್ಡ ಕರುಳಿಗೆ ವರ್ಷಗಟ್ಟಲೆ ಅಂಟಿದ ಕೊಳೆ ಕಿತ್ತು ಬರುತ್ತದೆ, ರಕ್ತ ಶುದ್ಧವಾಗುತ್ತದೆ, ಕಜ್ಜಿ ತುರಿಕೆ ಹೋಗಿ ಮೈ ಹೊಳೆಯುತ್ತದೆ ಎಂದು ಮಾರುವವನ ಮಾತು. ಬೆಲೆ ನಮ್ಮ ಮೂರು ದಿನದ ದುಡಿಮೆ.

ನಮ್ಮ ಖೋಲಿಯ ಹನ್ನೊಂದು ಜನರಲ್ಲಿ ಮೂವರು ಇದನ್ನು ಕುಡಿದರು. ಒಬ್ಬ ಕುಂದಾಪುರದ ಕಡೆಯ ಹುಡುಗ, ತಾಟು ತೊಳೆಯುವವನು. ಬೆರಳ ಸಂದಿ ಬೆಳ್ಳಗೆ ಕೊಳೆತು ಉರಿಯುತ್ತಿತ್ತು. ಇನ್ನೊಬ್ಬರು ದೋಸೆಕಲ್ಲಿನ ಮುಂದೆ ನಿಲ್ಲುವ ಭಟ್ಟರು, ಬೆನ್ನು ತುಂಬ ಬೆವರುಗುಳ್ಳೆ. ಮೂರನೆಯವರು 1982ರ ಮುಷ್ಕರದಲ್ಲಿ ಗಿರಣಿ ಕೆಲಸ ಕಳೆದುಕೊಂಡು, ಈಚೆಗೆ ರಾತ್ರಿ ಕಾವಲಿಗೆ ಹೋಗುತ್ತಿದ್ದ ಅಣ್ಣ. ಅವರದು ಮಲಬದ್ಧತೆ ಎಂದು ನಮಗೆ ಹೇಳಿದ್ದರು.

ಮೊದಲ ದಿನ ಮೂವರಿಗೂ ಹಗುರವೆನಿಸಿತು. ಅದು ಸುಳ್ಳಲ್ಲ, ತುಂಬಿದ್ದು ಖಾಲಿಯಾದರೆ ಹಗುರವಾಗಲೇಬೇಕು. ಎರಡನೆಯ ದಿನದಿಂದ ಅವಸ್ಥೆ ಸುರುವಾಯಿತು. ಒಂದು ಮಾಳಿಗೆಗೆಲ್ಲ ಎರಡು ಸಂಡಾಸು, ಮುಂದೆ ಬಾಲ್ದಿ ಹಿಡಿದವರ ಸಾಲು. ಅದರಲ್ಲಿ ದಿನಕ್ಕೆ ಹತ್ತು ಸಲ ಓಡುವವನ ಪಾಡು ಹೇಳಬೇಕೆ? ಮೂರನೆಯ ದಿನ ಹುಡುಗ ಮೋರಿಯ ಬಳಿ ಕಣ್ಣು ಕತ್ತಲೆಗಟ್ಟಿ ಬಿದ್ದ. ಕುದಿನೀರಿನ ಹಂಡೆ ಅಲ್ಲಿಂದ ಒಂದು ಮೊಳ ಆಚೆಗಿತ್ತು. ಗಲ್ಲಾದವರು ಎರಡು ದಿನದ ಪಗಾರ ಹಿಡಿದರು. ಭಟ್ಟರು ಕಾಲಿನ ಸೆಳೆತ ತಾಳಲಾರದೆ ನಡುವೆಯೇ ಬಿಟ್ಟರು. ಅಣ್ಣ ಮಾತ್ರ ಐದು ದಿನವನ್ನೂ ಮುಗಿಸಿದರು. ನಾಲ್ಕನೆಯ ದಿನ ಹಗ್ಗದಂಥ, ರಬ್ಬರಿನಂಥ ವಸ್ತು ಹೊರಬಿತ್ತಂತೆ. "ಗಿರಣಿ ಕಾಲದ ಕೊಳೆ ಮಾರಾಯ್ರೆ" ಎಂದು ಸಂತೋಷಪಟ್ಟರು.

ಉಳಿದ ನಾವು ಅದೇ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಲೋಟದಲ್ಲೂ ಅಂಥದೇ ಅಂಟು ಮುದ್ದೆ. ಲೋಟವೇನೂ ಗಿರಣಿಯಲ್ಲಿ ದುಡಿದದ್ದಲ್ಲವಷ್ಟೆ! ಡಬ್ಬಿಯ ಹಿಂಬದಿಯ ಸಣ್ಣಕ್ಷರದಲ್ಲಿ ಗುಟ್ಟು ಬರೆದೇ ಇತ್ತು: ಇಸಬ್‌ಗೋಲಿನ ಹೊಟ್ಟು, ಬೆಂಟೊನೈಟ್ ಎಂಬ ಜೇಡಿಮಣ್ಣು, ಸೋನಾಮುಖಿ ಎಲೆ. ಹೊಟ್ಟೂ ಮಣ್ಣೂ ನೀರು ಹೀರಿ ಉಬ್ಬಿ, ಒಂದಕ್ಕೊಂದು ಅಂಟಿ, ಕರುಳಿನ ಆಕಾರವನ್ನೇ ತಳೆಯುತ್ತವೆ. ಸೋನಾಮುಖಿ ಅದನ್ನು ಹೊರಗೆ ತಳ್ಳುತ್ತದೆ. ತಾವು ದುಡ್ಡು ಕೊಟ್ಟು ಕುಡಿದದ್ದನ್ನೇ ಅಣ್ಣ ನೋಡಿದ್ದು.

ಜಿಡ್ಡು ಕಟ್ಟಿ ಕೂರಲು ಕರುಳೇನು ಹೋಟೆಲಿನ ಮೋರಿಯ ಕೊಳವೆಯಲ್ಲ. ಅದರ ಒಳಪದರ ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸದಾಗುತ್ತಿರುತ್ತದೆ. ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳು ತನ್ನೊಳಗೆ ಬಂದದ್ದರಿಂದ ನೀರನ್ನೂ ಉಪ್ಪನ್ನೂ ಹಿಂದಕ್ಕೆ ಹೀರಿ ಮೈಗೆ ಒಪ್ಪಿಸುತ್ತದೆ. ಅಲ್ಲಿರುವ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಜೀವಿಗಳು ನಾವು ಜೀರ್ಣಿಸಲಾರದ ನಾರನ್ನು, ದೋಸೆಹಿಟ್ಟು ಹುಳಿ ಬರುವ ಹಾಗೆ ಹುಳಿಯಿಸಿ, ಕರುಳಿನ ಗೋಡೆಗೇ ಆಹಾರ ಮಾಡಿಕೊಡುತ್ತವೆ. ರಕ್ತವನ್ನು ಶುದ್ಧಮಾಡುವ ಕೆಲಸ ಯಕೃತ್ತಿನದು, ಮೂತ್ರಪಿಂಡಗಳದು. ದಿನಗಟ್ಟಲೆ ಭೇದಿಯಾದರೆ ಮೈಯಿಂದ ಹೋಗುವುದು ನೀರು ಮತ್ತು ಉಪ್ಪು. ಆದುದರಿಂದಲೇ ಸೆಳೆತ, ಆದುದರಿಂದಲೇ ಕಣ್ಣುಕತ್ತಲೆ. ಬಿದ್ದ ಹುಡುಗನಿಗೆ ನಾವು ಕೊಟ್ಟದ್ದು ಒಂದು ಲೀಟರ್ ಶುದ್ಧ ನೀರಿಗೆ ಸಣ್ಣ ಚಮಚದಲ್ಲಿ ಸಮತಟ್ಟಾಗಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಅವರು ಕಾಲರಾ ಹಿಡಿದವರನ್ನು ಉಳಿಸಿದ್ದು ಇಂಥ ಸಕ್ಕರೆ ಉಪ್ಪಿನ ನೀರಿನಿಂದ. ಪುಡಿಗೆ ಸುರಿದ ದುಡ್ಡಿಗೆ ಎಷ್ಟು ಲೀಟರ್ ಆಗುತ್ತಿತ್ತೆಂದು ನೀವೇ ಲೆಕ್ಕ ಹಾಕಿರಿ.

ಮಲ ನಿಂತರೆ ಅದರ ವಿಷ ರಕ್ತಕ್ಕೇರುತ್ತದೆಂಬ ಮಾತು ಹಳೆಯದು. ನೂರು ವರ್ಷಗಳ ಹಿಂದೆ ವಿಲಾಯತಿಯ ದೊಡ್ಡ ಡಾಕ್ಟರರೇ ನಂಬಿದ್ದರು. ಲಂಡನ್ನಿನ ಸರ್ಜನ್ ಆರ್ಬತ್‌ನಾಟ್ ಲೇನ್ ಮಲಬದ್ಧತೆಗೆಂದು ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದರು. 1919ರಲ್ಲಿ ಅಮೆರಿಕದ ವಾಲ್ಟರ್ ಆಲ್ವಾರೆಜ್ ಈ ನಂಬಿಕೆಯನ್ನು ಪ್ರಶ್ನಿಸಿ ಬರೆದರು. ಮಲ ಕಟ್ಟಿದವನ ತಲೆನೋವು, ಜಡತೆ ವಿಷದಿಂದಲ್ಲ, ಕರುಳು ಬಿಗಿದು ಹಿಗ್ಗುವುದರಿಂದ ಎಂದು ಅವರ ವಾದ. ಅನಂತರ ಗುದದೊಳಗೆ ಬರೀ ಹತ್ತಿ ತುಂಬಿ ನೋಡಿದಾಗಲೂ ಅವೇ ಲಕ್ಷಣಗಳು ಕಂಡವು. ಹತ್ತಿಯಲ್ಲಿ ಯಾವ ವಿಷ?

"ಊರಿನಲ್ಲಿ ಅಜ್ಜಿ ಹರಳೆಣ್ಣೆ ಕುಡಿಸುತ್ತಿರಲಿಲ್ಲವೇ, ಆಟಿ ಅಮಾವಾಸ್ಯೆಗೆ ಹಾಲೆಮರದ ಕೆತ್ತೆಯ ಕಷಾಯ ಇಲ್ಲವೇ?" ಎಂದು ಭಟ್ಟರು ನಮ್ಮನ್ನು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಕಷಾಯ ಒಂದೇ ಬೆಳಗು, ಅದರ ಹಿಂದೆಯೇ ಮೆಂತೆಯ ಗಂಜಿ. ಹರಳೆಣ್ಣೆ ಕುಡಿದ ದಿನ ಮಗು ಜಗಲಿಯಲ್ಲಿ ಮಲಗಿರುತ್ತಿತ್ತು. ವಿರೇಚನ ಕೊಡುವ ವೈದ್ಯರೂ ಮೊದಲು ಕೆಲವು ದಿನ ತುಪ್ಪ ಕುಡಿಸಿ, ಬೆವರು ಬರಿಸಿ, ಒಂದು ದಿನ ಭೇದಿ ಮಾಡಿಸಿ, ಮತ್ತೆ ತೆಳುಗಂಜಿಯಿಂದ ಮೆಲ್ಲಗೆ ಅನ್ನಕ್ಕೆ ತರುತ್ತಾರೆ. ನಮ್ಮವರು ಭೇದಿ ಕೊಂಡುಕೊಂಡರು. ವಿಶ್ರಾಂತಿ ಎಲ್ಲಿಂದ ತರುವುದು? ಹನ್ನೆರಡು ತಾಸು ಬೆಂಕಿಯ ಮುಂದೆ ನಿಲ್ಲುವವನು ಐದು ದಿನ ಉಪವಾಸವಿದ್ದು ಭೇದಿ ಮಾಡಿಕೊಳ್ಳುವುದನ್ನು ಯಾವ ಅಜ್ಜಿಯೂ ಒಪ್ಪಲಾರಳು.

ಇನ್ನು ಚರ್ಮ. ಹುಡುಗನ ಕೈಯನ್ನು ಸರಕಾರಿ ದವಾಖಾನೆಯಲ್ಲಿ ತೋರಿಸಿದೆವು. ದಿನವಿಡೀ ಸೋಪಿನ ನೀರಿನಲ್ಲಿ ನೆನೆದು ಬೆರಳ ಸಂದಿಗೆ ಬೂಷ್ಟು ಹಿಡಿದಿತ್ತು. ಮುಲಾಮು, ಒಣಬಟ್ಟೆ, ರಬ್ಬರ್ ಕೈಚೀಲ, ಇಷ್ಟೇ ಮದ್ದು. ಭಟ್ಟರ ಬೆವರುಗುಳ್ಳೆಗೆ ಗಾಳಿ ಬೇಕು. ಕಜ್ಜಿಯಾದರೆ ಖೋಲಿಯವರೆಲ್ಲ ಒಂದೇ ದಿನ ಮುಲಾಮು ಹಚ್ಚಿ ಬಟ್ಟೆ ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆಯತಕ್ಕದ್ದು. ಒಬ್ಬನೇ ಹಚ್ಚಿದರೆ ಪಕ್ಕದ ಚಾಪೆಯಿಂದ ಹಿಂತಿರುಗುತ್ತದೆ. ಹುಳುಕಡ್ಡಿಗೆ ಅಂಗಡಿಯವನು ಕೊಡುವ ಸ್ಟೀರಾಯಿಡ್ ಬೆರೆತ ಟ್ಯೂಬನ್ನು ಹಚ್ಚಕೂಡದು. ತುರಿಕೆ ಮೂರು ದಿನ ಅಡಗಿ ಮತ್ತೆ ಇಮ್ಮಡಿಯಾಗಿ ಹಬ್ಬುತ್ತದೆ.

ಅಣ್ಣನ ಸಂಗತಿ ಹೇಳುವುದು ಕಷ್ಟ. ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಅವರಿಗೆ ತಿಂಗಳುಗಳಿಂದ ಮಲದಲ್ಲಿ ರಕ್ತ ಕಾಣುತ್ತಿತ್ತು, ತೂಕ ಇಳಿಯುತ್ತಿತ್ತು. ಹೇಳಲು ನಾಚಿಕೆ. ಪುಡಿ ಕುಡಿದ ಮೇಲೆ ಕೊಳೆಯೆಲ್ಲ ಹೋಯಿತೆಂದು ಎರಡು ತಿಂಗಳು ಸುಮ್ಮನಿದ್ದರು. ಕೊನೆಗೆ ಆಸ್ಪತ್ರೆಯಲ್ಲಿ ಕೊಳವೆ ಇಳಿಸಿ ನೋಡುವ ಹಿಂದಿನ ದಿನ ಡಾಕ್ಟರರೂ ಹೊಟ್ಟೆ ತೊಳೆಸಿದರು. ಆದರೆ ಒಳಗೇನಿದೆ ಎಂದು ಕಾಣಲು, ಒಂದೇ ದಿನ, ರಕ್ತದೊತ್ತಡದ ಮಾತ್ರೆಯ ಲೆಕ್ಕ ಕೇಳಿಕೊಂಡು. ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಆಪರೇಶನ್ ಆಯಿತು, ಈಗ ಊರಿನಲ್ಲಿದ್ದಾರೆ. ಆ ಎರಡು ತಿಂಗಳು ಮೊದಲೇ ಬಂದಿದ್ದರೆ ಚೆನ್ನಾಗಿತ್ತೆಂದು ಡಾಕ್ಟರರು ಅಂದದ್ದು ಇನ್ನೂ ನಮ್ಮ ಕಿವಿಯಲ್ಲಿದೆ. ರಕ್ತ ಕಂಡವರು, ವಾರಗಟ್ಟಲೆ ಹೊಟ್ಟೆಯ ರೀತಿ ಬದಲಾದವರು, ತೂಕ ಇಳಿದವರು ಪುಡಿಯ ಕಡೆ ತಿರುಗದೆ ನೇರವಾಗಿ ಆಸ್ಪತ್ರೆಗೆ ಹೋಗಿರಿ. ಒಬ್ಬರೇ ಹೋಗಲು ಅಂಜಿಕೆಯಾದರೆ ಸಂಘದವರು ಜತೆಗೆ ಬರುತ್ತೇವೆ.

ಉಳಿದವರ ಮಲಬದ್ಧತೆ ಎಲ್ಲಿಂದ ಬಂತು? ಗಿರಾಕಿಗಳ ನೂಕುನುಗ್ಗಲಿನಲ್ಲಿ ಹೊರಗೆ ಹೋಗುವಂತಿಲ್ಲ, ತಡೆದುಕೊಳ್ಳುತ್ತೇವೆ. ಹೋಗಬೇಕಾದೀತೆಂದು ನೀರೇ ಕುಡಿಯುವುದಿಲ್ಲ. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ, ಅದೂ ಉಳಿದ ಪೂರಿ, ತಳದ ಸಾರು. ನಾವೇ ಹೆಚ್ಚಿದ ಸೊಪ್ಪು ತರಕಾರಿ ನಮ್ಮ ತಾಟಿಗೆ ಬರುವುದಿಲ್ಲ. ಗಿರಾಕಿಗಳ ಸಂಡಾಸಿಗೆ ಕಾಲಿಡಕೂಡದೆಂದು ಅಪ್ಪಣೆ ಮಾಡಿದ ಹೋಟೆಲುಗಳೂ ಇವೆ. ಗಿರಣಿಯವರಿಗೆ 1948ರ ಕಾರ್ಖಾನೆ ಕಾಯಿದೆಯೇ ಕುಡಿಯುವ ನೀರು, ಸಂಡಾಸು, ಐದು ತಾಸಿಗೆ ಮೀರದ ದುಡಿಮೆಯ ನಡುವೆ ಅರ್ಧ ತಾಸು ಬಿಡುವು ಎಂದು ಬರೆದುಕೊಟ್ಟಿತ್ತು. ಹೋಟೆಲಿನ ಅಡುಗೆಮನೆಯಲ್ಲಿ ಆ ಅರ್ಧ ತಾಸನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ?

ಆದುದರಿಂದ ಮುಂದಿನ ಸಭೆಗೆ ಬರುವಾಗ ಪ್ರತಿಯೊಂದು ಹೋಟೆಲಿನಿಂದಲೂ ಒಂದು ಚೀಟಿ ತನ್ನಿರಿ. ಕೆಲಸಗಾರರು ಎಷ್ಟು ಮಂದಿ, ಅವರಿಗೆ ಸಂಡಾಸು ಇದೆಯೇ, ಊಟ ಎಷ್ಟು ಗಂಟೆಗೆ, ತೊಳೆಯುವವರಿಗೆ ರಬ್ಬರ್ ಕೈಚೀಲ ಕೊಟ್ಟಿದ್ದಾರೆಯೇ, ಇಷ್ಟು ಬರೆದರೆ ಸಾಕು. ನಿಮ್ಮ ಹೆಸರು ಬೇಡ, ಹೋಟೆಲಿನ ಹೆಸರಿರಲಿ. ಮಾಲಿಕರೊಡನೆ ಮಾತಿಗೆ ಕೂರುವಾಗ ಆ ಚೀಟಿಗಳನ್ನು ಮುಂದಿಡುತ್ತೇವೆ.