ಓಡುವ ಅಲೆಯ ಮೇಲೆ ಜಾರುವ ಆಟ

ಮಕ್ಕಳೇ, ಕೊಯಮತ್ತೂರು ಸೀಮೆಯ ಪೊಳ್ಳಾಚಿ ಹತ್ತಿರದ ನೆಗಮಂ ಹತ್ತಿಸೀರೆಗೆ ಹೆಸರಾದ ಊರು. ಒಗೆದ ಸೀರೆಯ ಎರಡು ತುದಿಗಳನ್ನು ಅಜ್ಜಿ ಮತ್ತು ಅಮ್ಮ ಹಿಡಿದು ಕೊಡವುವುದನ್ನು ನೋಡಿದ್ದೀರಲ್ಲ? ಅಜ್ಜಿಯ ಕೈಯಲ್ಲಿ ಎದ್ದ ಅಲೆ ಅಮ್ಮನ ಕಡೆಗೆ ಓಡುತ್ತದೆ. ಸೀರೆ ಮಾತ್ರ ಅವರ ಕೈಯಲ್ಲೇ ಉಳಿಯುತ್ತದೆ.

ನೀರಿನ ಅಲೆಯೂ ಹಾಗೆಯೇ. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ನಡುವೆ ಒಂದು ಬೇವಿನೆಲೆ ತೇಲಿಬಿಡಿ. ಅಂಚಿನಲ್ಲಿ ಬೆರಳು ಅದ್ದಿ ತೆಗೆಯಿರಿ. ಅಲೆ ಎಲೆಯನ್ನು ದಾಟಿ ಹೋಗುತ್ತದೆ. ಎಲೆ ಮೇಲೆದ್ದು, ಕೆಳಗಿಳಿದು, ಬಹುಮಟ್ಟಿಗೆ ಅಲ್ಲೇ ನಿಲ್ಲುತ್ತದೆ.

ಪೊಳ್ಳಾಚಿ ದಾಟಿ ದಕ್ಷಿಣಕ್ಕೆ ಹೋದರೆ, ಆನೆಮಲೆಯ ಬುಡದಲ್ಲಿ ಆಳಿಯಾರ್ ಅಣೆಕಟ್ಟು. ಇಂಥ ದೊಡ್ಡ ಜಲಾಶಯದಲ್ಲಿ ದೋಣಿ ಹೋದಾಗ ಅದರ ಹಿಂದೆ ನೀರಿನ ಮೇಲೆ ಬಾಣದ ಮೊನೆಯಂಥ ಗೆರೆಗಳು ಮೂಡುತ್ತವೆ. ಕೆರೆಯ ಬಾತುಕೋಳಿಯ ಹಿಂದೆಯೂ ಅದೇ ಆಕಾರ. ಆಳವಾದ ನೀರಿನಲ್ಲಿ ಆ ಮೊನೆಯ ಕೋನ ಸುಮಾರು 39 ಡಿಗ್ರಿ ಎಂದು 1887ರಲ್ಲಿ ಲೆಕ್ಕಹಾಕಿ ತೋರಿಸಿದವರು, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ.

ಅಮೆರಿಕದ ದೊಡ್ಡ ಕೆರೆ, ಜಲಾಶಯಗಳಲ್ಲಿ ದೋಣಿ ಎಬ್ಬಿಸುವ ಈ ಅಲೆಯ ಮೇಲೇ ಆಡುತ್ತಾರೆ. ಆಟದ ಹೆಸರು ವೇಕ್‌ಸರ್ಫಿಂಗ್. ದೋಣಿಯೊಳಗಿನ ತೊಟ್ಟಿಗಳಿಗೆ ನೀರು ತುಂಬಿ ಭಾರ ಹೆಚ್ಚಿಸುತ್ತಾರೆ. ದೋಣಿ ಭಾರವಾದಷ್ಟೂ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳುತ್ತದೆ, ಅಲೆಯೂ ದೊಡ್ಡದಾಗುತ್ತದೆ. ವೇಗ ಗಂಟೆಗೆ ಸುಮಾರು 18 ಕಿಲೋಮೀಟರ್, ಅಂದರೆ ಸೈಕಲ್ ಜೋರಾಗಿ ತುಳಿದಷ್ಟು. ಆಟಗಾರ ಮೊದಲು ಹಗ್ಗ ಹಿಡಿದು ಹಲಗೆಯ ಮೇಲೆ ಏಳುತ್ತಾನೆ. ಆಮೇಲೆ ಹಗ್ಗ ಬಿಟ್ಟುಬಿಡುತ್ತಾನೆ!

ಹಾಗಾದರೆ ಅವನನ್ನು ಯಾರು ಎಳೆಯುತ್ತಾರೆ? ಭೂಮಿ. ಅಲೆಯ ಮುಂಭಾಗ ಒಂದು ಇಳಿಜಾರು. ಜಾರುಬಂಡಿಯಲ್ಲಿ ನೀವು ಜಾರುವ ಹಾಗೆ ಅವನೂ ಜಾರುತ್ತಾನೆ. ನಿಮ್ಮ ಜಾರುಬಂಡಿ ನಿಂತಲ್ಲೇ ಇರುತ್ತದೆ, ಬೇಗ ಮುಗಿಯುತ್ತದೆ. ಇವನ ಜಾರುಬಂಡಿ ದೋಣಿಯಷ್ಟೇ ವೇಗದಲ್ಲಿ ಮುಂದೆ ಓಡುತ್ತದೆ. ಕೆಳಕ್ಕೆ ಸೆಳೆಯುವ ಗುರುತ್ವವೂ ಹಿಂದಕ್ಕೆ ತಡೆಯುವ ನೀರೂ ಸರಿತೂಗಿದಷ್ಟು ಹೊತ್ತು ಅವನು ಇಳಿಯುತ್ತಲೇ ಇರುತ್ತಾನೆ, ಬುಡ ಮುಟ್ಟುವುದಿಲ್ಲ.

ದೋಣಿಯನ್ನು ಮುಂದಕ್ಕೆ ತಳ್ಳುವ ತಿರುಗುರೆಕ್ಕೆ ಅದರ ಹಿಂತುದಿಯಲ್ಲಿ ಇದ್ದರೆ ಈ ಆಟ ಪ್ರಾಣಕ್ಕೇ ಅಪಾಯ. ಅದಕ್ಕೇ ಇದಕ್ಕೆಂದು ಮಾಡಿದ ದೋಣಿಗಳಲ್ಲಿ ರೆಕ್ಕೆ ತಳದ ಕೆಳಗೆ, ಒಳಸರಿದು ಇರುತ್ತದೆ. ಇನ್ನೊಂದು ಮಾತೂ ಇದೆ. ದೋಣಿ ಹೋದ ಮೇಲೂ ಅಲೆ ನಿಲ್ಲುವುದಿಲ್ಲ, ದಡಕ್ಕೆ ಬಡಿದು ಮಣ್ಣು ಕೊರೆಯುತ್ತದೆ, ನೀರನ್ನು ರಾಡಿ ಮಾಡುತ್ತದೆ. ಆದ್ದರಿಂದ ದೊಡ್ಡ ಅಲೆ ಎಬ್ಬಿಸುವ ದೋಣಿ ದಡದಿಂದ ದೂರವೇ ಇರಬೇಕು.

ಜಲಾಶಯದ ನೀರು ಆಟಕ್ಕಿಂತ ಮೊದಲು ಹೊಲಕ್ಕೆ, ಬಾಯಾರಿದವರಿಗೆ ಸೇರಿದ್ದು. ನೀವು ದೋಣಿ ಹತ್ತುವ ದಿನ ಲೈಫ್ ಜಾಕೆಟ್ ತೊಟ್ಟುಕೊಳ್ಳಿ, ಹಿಂದಕ್ಕೆ ತಿರುಗಿ ಆ ಬಾಣದ ಗೆರೆಗಳನ್ನು ನೋಡಿ, ಅವು ದಡ ಮುಟ್ಟುವವರೆಗೂ ನೋಡಿ.